ಬೆಳಗದ ಹಿತ್ತಾಳೆಗೇ ಬೆಲೆ

ಆಯುಧಪೂಜೆಯ ಹಿಂದಿನ ದಿನ ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯುತ್ತದೆ. ಹಳೇ ಕತ್ತರಿ, ರಸಮಟ್ಟ, ಅಳತೆ ಟೇಪುಗಳ ನಡುವೆ ಒಂದು ದುರ್ಬೀನು. ಪಿಡಬ್ಲ್ಯುಡಿಯಲ್ಲಿ ಓವರ್‌ಸಿಯರ್ ಆಗಿದ್ದ ತಾತನದು. ಎಳೆದರೆ ಮೂರು ಗೇಣು ಉದ್ದವಾಗುವ ಹಿತ್ತಾಳೆ ಕೊಳವೆ, ಸವೆದ ಚರ್ಮದ ಕವಚ, ಜೋನಿಬೆಲ್ಲದ ಬಣ್ಣಕ್ಕೆ ತಿರುಗಿದ ಮೈ. ಅಜ್ಜಿ ಆಗಲೇ ಹುಣಸೆಹಣ್ಣು ನೆನೆಹಾಕಿದ್ದಾಳೆ. ದೀಪದ ಕಂಬ, ತಂಬಿಗೆ, ಗಂಟೆಗಳ ಜೊತೆ ದುರ್ಬೀನೂ ಬಚ್ಚಲ ಕಲ್ಲಿನ ಮೇಲೆ ಕೂರುತ್ತದೆ. ಹುಣಸೆ, ಉಪ್ಪು, ತೆಂಗಿನ ನಾರು. ಅರ್ಧ ಗಂಟೆಯಲ್ಲಿ ಫಳಫಳ. ಮೇಲೊಂದು ಸೇವಂತಿಗೆ.

ಆ ದುರ್ಬೀನು ನಿಜವಾಗಿಯೂ ಇನ್ನೂರು ವರ್ಷ ಹಳೆಯದಾಗಿದ್ದರೆ, ಅದರ ಬೆಲೆಯ ದೊಡ್ಡ ಪಾಲು ಆ ಅರ್ಧ ಗಂಟೆಯಲ್ಲಿ ಬಚ್ಚಲ ನೀರಿನ ಜೊತೆ ಹರಿದುಹೋಗಿರುತ್ತದೆ.

ಹಳೆಯ ಕೈಗಡಿಯಾರ, ಕ್ಯಾಮೆರಾ, ದುರ್ಬೀನು, ಸೂಕ್ಷ್ಮದರ್ಶಕಗಳ ಹರಾಜು ಈಗ ಲಂಡನ್, ಜಿನೀವಾಗಳ ಶ್ರೀಮಂತರ ಖಯಾಲಿಯಾಗಿ ಉಳಿದಿಲ್ಲ. ಬಸವನಗುಡಿಯಲ್ಲಿ ರಾತ್ರಿ ಊಟ ಮುಗಿಸಿ, ದಿಂಬಿಗೊರಗಿ, ಫೋನಿನಲ್ಲೇ ಇಂಗ್ಲೆಂಡಿನ ಹಳ್ಳಿಯೊಂದರ ಹರಾಜಿಗೆ ಸವಾಲು ಹಾಕುವವರಿದ್ದಾರೆ. ಗೆದ್ದವರು ಮಾರನೇ ದಿನ ಖುಷಿಯಲ್ಲಿ ಹೇಳಿಕೊಳ್ಳುತ್ತಾರೆ. ಬಿಲ್ಲು ಬಂದ ಮೇಲೆ ಸ್ವಲ್ಪ ಮೆತ್ತಗಾಗುತ್ತಾರೆ. ಪಾರ್ಸೆಲ್ ಬಿಚ್ಚಿದ ಮೇಲೆ ಕೆಲವರು ಆ ವಿಷಯವನ್ನೇ ಎತ್ತುವುದಿಲ್ಲ.

ಒಂದನೇ ಸವಾಲ್, ಎರಡನೇ ಸವಾಲ್

ಹರಾಜು ನಮಗೆ ಹೊಸದೇನಲ್ಲ. ಪದವೇ ಅರಬ್ಬಿಯಿಂದ ಬಂದು ನಮ್ಮದಾಗಿದೆ. ಉತ್ತರ ಕರ್ನಾಟಕದ ‘ಲಿಲಾವು’ ಪೋರ್ಚುಗೀಸರ ಕೊಡುಗೆ. ಜಾತ್ರೆಯಲ್ಲಿ ದೇವರಿಗೆ ಬಂದ ತೆಂಗಿನಕಾಯಿಗೆ ಸವಾಲು ಕೂಗುತ್ತೇವೆ, ಮಂಡಿಯಲ್ಲಿ ಅಡಿಕೆಗೆ ಕೂಗುತ್ತೇವೆ, ಚೀಟಿ ಎತ್ತುವುದಕ್ಕೂ ಕೂಗುತ್ತೇವೆ.

ಹಳೇ ವಸ್ತುಗಳ ಹರಾಜಿನಲ್ಲಿ ಕೂಗಿಗಿಂತ ಮೊದಲೇ ಅರ್ಧ ಆಟ ಮುಗಿದಿರುತ್ತದೆ. ಪ್ರತಿ ವಸ್ತುವಿಗೂ ಒಂದು ಲಾಟ್ ನಂಬರು. ಕ್ಯಾಟಲಾಗಿನಲ್ಲಿ ಅದರ ಫೋಟೊ, ಕೆಳಗೆ ಅಂದಾಜು ಬೆಲೆ. ಈ ಅಂದಾಜನ್ನು ಜನ ವಸ್ತುವಿನ ನಿಜವಾದ ಬೆಲೆ ಎಂದು ತಿಳಿಯುತ್ತಾರೆ. ಅದು ನೊಣ ಕೂರಲೆಂದು ಇಟ್ಟ ಬೆಲ್ಲ. ಕಡಿಮೆ ಅಂದಾಜು ಹಾಕಿದಷ್ಟೂ ಕೈ ಎತ್ತುವವರು ಹೆಚ್ಚು.

ಅದರ ಹಿಂದೆ ಇನ್ನೊಂದು ಅಂಕಿ ಇರುತ್ತದೆ, ಮಾರುವವನಿಗೂ ಹರಾಜಿನವನಿಗೂ ಮಾತ್ರ ಗೊತ್ತಿರುವಂಥದ್ದು. ಅದಕ್ಕಿಂತ ಕಡಿಮೆಗೆ ವಸ್ತು ಬಿಟ್ಟುಕೊಡುವಂತಿಲ್ಲ. ಆ ಗುಟ್ಟಿನ ಅಂಕಿ ಮುಟ್ಟುವವರೆಗೆ ಹರಾಜುಗಾರ ತಾನೇ ಸವಾಲು ಕೂಗಿಕೊಂಡು ಏರಿಸುವುದುಂಟು. ಹಿಂದಿನ ಸಾಲಿನಲ್ಲಿ ಯಾರೋ ಕೈ ಎತ್ತಿದಂತೆ ಆತ ನೋಡುತ್ತಾನೆ, ಅಲ್ಲಿ ನೋಡಿದರೆ ಚಾವಣಿಗೆ ನೇತುಹಾಕಿದ ತೂಗುದೀಪ ಬಿಟ್ಟರೆ ಇನ್ನೇನೂ ಇಲ್ಲ. ಆ ಕಸುಬಿನವರು ಇದನ್ನು ತೂಗುದೀಪದ ಸವಾಲು ಎಂದೇ ಕರೆಯುತ್ತಾರೆ. ಗುಟ್ಟಿನ ಅಂಕಿಯ ಕೆಳಗೆ ನಡೆಯುವವರೆಗೆ ಹಲವು ಕಡೆ ಇದಕ್ಕೆ ಕಾನೂನಿನ ಅಡ್ಡಿಯಿಲ್ಲ.

ಸುತ್ತಿಗೆಯ ಬೆಲೆ, ಜೇಬಿನ ಬೆಲೆ

ಸುತ್ತಿಗೆ ಬಿದ್ದ ಅಂಕಿಗೆ ವಸ್ತು ಸಿಕ್ಕಿತು ಅಂದುಕೊಳ್ಳುವುದು ಹೊಸಬರ ಮೊದಲ ತಪ್ಪು. ಅದರ ಮೇಲೆ ‘ಬಯರ್ಸ್ ಪ್ರೀಮಿಯಂ’ ಎಂಬ ಕೊಳ್ಳುವವನ ಕಮಿಷನ್ ಇದೆ. ಮೊದಲು ಮಾರುವವನು ಮಾತ್ರ ಕಮಿಷನ್ ಕೊಡುತ್ತಿದ್ದ. 1975ರಲ್ಲಿ ಲಂಡನ್ನಿನ ಎರಡು ದೊಡ್ಡ ಮನೆಗಳು, 1744ರ ಸೋದಬೀಸ್ ಮತ್ತು 1766ರ ಕ್ರಿಸ್ಟೀಸ್, ಕೊಳ್ಳುವವನಿಂದಲೂ ಶೇ 10 ವಸೂಲಿ ಶುರುಮಾಡಿದವು. ಈಗ ಅದು ಬಹಳ ಕಡೆ ಶೇ 25ರ ಆಸುಪಾಸಿಗೆ ಬಂದು ನಿಂತಿದೆ. ಈ ಇಬ್ಬರೂ ಒಳಗೊಳಗೇ ಮಾತಾಡಿಕೊಂಡು ಕಮಿಷನ್ ನಿಗದಿ ಮಾಡುತ್ತಿದ್ದದ್ದು 2000ರಲ್ಲಿ ಬಯಲಾಯಿತು. ಗಿರಾಕಿಗಳಿಗೆ 51.2 ಕೋಟಿ ಡಾಲರ್ ಪರಿಹಾರ ತೆರಬೇಕಾಯಿತು, ಸೋದಬೀಸಿನ ಅಂದಿನ ಅಧ್ಯಕ್ಷರು ಜೈಲಿಗೂ ಹೋಗಿಬಂದರು.

ಲೆಕ್ಕ ಹಾಕಿ. ಒಂದು ಲಕ್ಷಕ್ಕೆ ಸುತ್ತಿಗೆ ಬಿತ್ತು. ಪ್ರೀಮಿಯಂ ಇಪ್ಪತ್ತೈದು ಸಾವಿರ. ಅದರ ಮೇಲೆ ಆ ದೇಶದ ತೆರಿಗೆ. ಫೋನಿನಲ್ಲಿ ಸವಾಲು ಹಾಕಿದ್ದಕ್ಕೆ ಆ ವೆಬ್‌ಸೈಟಿನವರಿಗೊಂದಿಷ್ಟು. ಪ್ಯಾಕಿಂಗ್, ವಿಮೆ, ಸಾಗಣೆ, ಡಾಲರ್ ಕೊಳ್ಳುವಾಗ ಬ್ಯಾಂಕು ಹಿಡಿದುಕೊಳ್ಳುವ ಚಿಲ್ಲರೆ. ಕೊನೆಗೆ ನಮ್ಮ ಕಸ್ಟಮ್ಸ್. ಅವರು ಸುಂಕ ಹಾಕುವುದು ವಸ್ತುವಿನ ಬೆಲೆಗೆ ಮಾತ್ರವಲ್ಲ, ಸಾಗಣೆ, ವಿಮೆ ಎಲ್ಲ ಕೂಡಿಸಿದ ಮೊತ್ತಕ್ಕೆ. ಲಕ್ಷದ ದುರ್ಬೀನು ಮನೆ ಬಾಗಿಲಿಗೆ ಬರುವಷ್ಟರಲ್ಲಿ ಒಂದೂವರೆ ಲಕ್ಷ ದಾಟಿದರೆ ಆಶ್ಚರ್ಯಪಡಬೇಡಿ.

ಲಕೋಟೆಯಲ್ಲಿ ಬಂದ ಕನ್ನಡಕ

2020ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಬಳಿಯ ಸಣ್ಣ ಹರಾಜು ಕಂಪನಿಯೊಂದರ ಅಂಚೆ ಡಬ್ಬಿಯಲ್ಲಿ ಒಂದು ಸಾದಾ ಲಕೋಟೆ ಸಿಕ್ಕಿತು. ವಾರಾಂತ್ಯ ಪೂರ್ತಿ ಅದು ಡಬ್ಬಿಯ ಬಾಯಲ್ಲಿ ಅರ್ಧ ಹೊರಗೆ ನೇತಾಡುತ್ತಿತ್ತು. ಒಳಗೆ ಚಿನ್ನದ ಲೇಪದ ದುಂಡು ಕನ್ನಡಕ. ಗಾಂಧೀಜಿಯದು, ದಕ್ಷಿಣ ಆಫ್ರಿಕಾದಲ್ಲಿ ಕೆಲಸ ಮಾಡುತ್ತಿದ್ದ ತಮ್ಮ ಚಿಕ್ಕಪ್ಪನಿಗೆ ಸಿಕ್ಕಿದ್ದು ಎಂದು ಮನೆಯವರ ಹೇಳಿಕೆ. ಕೆಲಸಕ್ಕೆ ಬಾರದಿದ್ದರೆ ಬಿಸಾಡಿಬಿಡಿ ಎಂದಿದ್ದರಂತೆ. ಹರಾಜಿನಲ್ಲಿ 2,60,000 ಪೌಂಡಿಗೆ ಹೋಯಿತು.

ಅದಕ್ಕೂ ಮೊದಲು, 2009ರ ಮಾರ್ಚಿನಲ್ಲಿ, ನ್ಯೂಯಾರ್ಕಿನಲ್ಲಿ ಗಾಂಧೀಜಿಯ ಇನ್ನೊಂದು ಕನ್ನಡಕ, ಜೆನಿತ್ ಕಂಪನಿಯ ಜೇಬು ಗಡಿಯಾರ, ಚಪ್ಪಲಿ, ತಟ್ಟೆ, ಬಟ್ಟಲು ಹರಾಜಿಗೆ ಬಂದಿದ್ದವು. ಇಪ್ಪತ್ತು-ಮೂವತ್ತು ಸಾವಿರ ಡಾಲರ್ ಅಂದಾಜು. ಭಾರತ ಸರ್ಕಾರ ತಡೆಯಲು ಓಡಾಡಿತು, ಸುದ್ದಿ ದೊಡ್ಡದಾಯಿತು, ಬೆಲೆ ಇನ್ನೂ ದೊಡ್ಡದಾಯಿತು. ಕೊನೆಗೆ 18 ಲಕ್ಷ ಡಾಲರಿಗೆ ಕೊಂಡವರು ಬೆಂಗಳೂರಿನ ವಿಜಯ್ ಮಲ್ಯ. ಏನೂ ಬೇಡವೆನ್ನುತ್ತಿದ್ದ ಮನುಷ್ಯನ ಸಾಮಾನನ್ನು ಹೆಂಡದ ದುಡ್ಡು ಬಿಡಿಸಿಕೊಂಡು ಬಂತಲ್ಲ ಎಂದು ಆಗ ಆಡಿಕೊಂಡವರು ಬಹಳ.

ಅದೇ ಕಾಲದ, ಅದೇ ತಯಾರಿಯ, ಗಾಂಧಿ ಮುಟ್ಟದ ಜೆನಿತ್ ಗಡಿಯಾರಕ್ಕೆ ಇದರ ಒಂದಂಶವೂ ಸಿಗುವುದಿಲ್ಲ. ಹರಾಜಿನವರು ‘ಪ್ರಾವಿನೆನ್ಸ್’ ಅನ್ನುವುದು ಇದನ್ನೇ. ಕನ್ನಡದಲ್ಲಿ ಪೂರ್ವಾಪರ ಅಂದರೆ ಸರಿಹೋದೀತು. ಹೆಣ್ಣು ಕೊಡುವಾಗ ವಿಚಾರಿಸುತ್ತೇವಲ್ಲ, ಹಾಗೆ. ಯಾರ ಮನೆಯದು, ಯಾರ ಕೈಯಿಂದ ಯಾರ ಕೈಗೆ ಬಂತು, ನಡುವೆ ಎಲ್ಲಿತ್ತು.

ನಟ ಪಾಲ್ ನ್ಯೂಮನ್‌ಗೆ ಹೆಂಡತಿ ಒಂದು ರೋಲೆಕ್ಸ್ ಡೇಟೋನಾ ಕೊಡಿಸಿದ್ದಳು. ಮೋಟಾರು ರೇಸಿನ ಹುಚ್ಚಿದ್ದ ಗಂಡನಿಗೆ ಹುಷಾರಾಗಿ ಗಾಡಿ ಓಡಿಸು ಎಂದು ಹಿಂಬದಿಯ ಮುಚ್ಚಳದಲ್ಲಿ ಕೆತ್ತಿಸಿದ್ದಳು. ಆತ ಅದನ್ನು ಮುಂದೆ ಮಗಳ ಗೆಳೆಯನಿಗೆ ಸುಮ್ಮನೆ ಕೊಟ್ಟುಬಿಟ್ಟ. 2017ರ ಅಕ್ಟೋಬರ್ 26ರಂದು ನ್ಯೂಯಾರ್ಕಿನಲ್ಲಿ ಅದು 1.77 ಕೋಟಿ ಡಾಲರಿಗೆ ಮಾರಾಟವಾಯಿತು. ಕೈಗಡಿಯಾರಕ್ಕೆ ಅಷ್ಟು ಬೆಲೆ ಅದುವರೆಗೆ ಯಾವ ಹರಾಜಿನಲ್ಲೂ ಬಂದಿರಲಿಲ್ಲ.

ಕ್ಯಾಮೆರಾ ಲೋಕದಲ್ಲಿ ಇಂಥದ್ದೇ ಕಥೆ ಲೈಕಾದ್ದು. ಜರ್ಮನಿಯ ವೆಟ್ಸ್‌ಲಾರಿನ ಸೂಕ್ಷ್ಮದರ್ಶಕದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಆಸ್ಕರ್ ಬಾರ್ನಾಕ್ ಸಿನಿಮಾ ರೀಲನ್ನು ತುಂಬುವ ಪುಟ್ಟ ಕ್ಯಾಮೆರಾ ಮಾಡಿದ. ಮಾರುಕಟ್ಟೆಗೆ ಬಿಡುವ ಮುನ್ನ, 1923ರ ಸುಮಾರಿಗೆ, ಪರೀಕ್ಷೆಗೆಂದು ಇಪ್ಪತ್ತು ಚಿಲ್ಲರೆ ಕ್ಯಾಮೆರಾ ತಯಾರಾದವು. ಅವುಗಳಲ್ಲಿ 105ನೇ ನಂಬರಿನದು ಬಾರ್ನಾಕ್‌ನ ಸ್ವಂತದ್ದು, ಮೇಲೆ ಅವನ ಹೆಸರೇ ಕೆತ್ತಿದೆ. 2022ರ ಜೂನಿನಲ್ಲಿ ಅದೇ ವೆಟ್ಸ್‌ಲಾರಿನಲ್ಲಿ ಸುತ್ತಿಗೆ ಬಿದ್ದದ್ದು 1.2 ಕೋಟಿ ಯೂರೊಗೆ. ಪ್ರೀಮಿಯಂ ಸೇರಿ ಬಿಲ್ಲಾದದ್ದು 1.44 ಕೋಟಿ. ಜೇಬಿನ ಬೆಲೆ ಅಂದೆನಲ್ಲ, ಅದು.

ಅರಗಿನ ಪೊರೆ, ಬಿಸಿಲಿನ ಕಂದು

ಈಗ ಬಚ್ಚಲ ಕಲ್ಲಿನ ಮೇಲಿನ ದುರ್ಬೀನಿಗೆ ಬರೋಣ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ನೆಲ ಅಳೆಯಲು ಕೂತ ಕಾಲದಿಂದ ಇಂಥ ಹಿತ್ತಾಳೆ ಸಾಧನಗಳು ನಮ್ಮ ಕಡೆ ಓಡಾಡಿವೆ. ಕೋನ ಅಳೆಯುವ ಥಿಯೊಡೊಲೈಟು, ಸೆಕ್ಸ್‌ಟೆಂಟು, ಮಟ್ಟ ನೋಡುವ ದುರ್ಬೀನು. ಆಗಿನ ಕುಶಲಕರ್ಮಿಗಳು ಹಿತ್ತಾಳೆಯನ್ನು ಬರಿಮೈಯಲ್ಲಿ ಬಿಡುತ್ತಿರಲಿಲ್ಲ. ಸ್ಪಿರಿಟ್ಟಿನಲ್ಲಿ ಅರಗು ಕರಗಿಸಿ, ಲೋಹ ಬೆಚ್ಚಗಿರುವಾಗ ತೆಳ್ಳಗೆ ಬಳಿಯುತ್ತಿದ್ದರು. ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವ ಅದೇ ಅರಗು. ಅದೂ ಇಂಡಿಯಾದಿಂದಲೇ ಹೋಗುತ್ತಿತ್ತು. ಜೋನಿಬೆಲ್ಲದ ಬಣ್ಣ ಅಂದೆನಲ್ಲ, ಅದು ಕೊಳೆಯಲ್ಲ, ಆ ಪೊರೆ.

ಉಜ್ಜಿದರೆ ಮೊದಲು ಹೋಗುವುದು ಅದು. ಆಮೇಲೆ ಹೋಗುವುದು ಕೂದಲೆಳೆಯಂಥ ಅಳತೆ ಗೀರುಗಳು. ಲಂಡನ್ನಿನ ಜೆಸ್ಸಿ ರಾಮ್ಸ್‌ಡೆನ್ 1770ರ ದಶಕದಲ್ಲಿ ಈ ಗೀರುಗಳನ್ನು ಎಳೆಯಲೆಂದೇ ಒಂದು ಯಂತ್ರ ಮಾಡಿದ. ಅಲ್ಲಿಯವರೆಗೆ ಒಂದು ಅಳತೆಬಿಲ್ಲೆಗೆ ಕೈಯಲ್ಲಿ ಗೀರು ಹಾಕುವುದಕ್ಕೆ ನುರಿತವನಿಗೂ ದಿನಗಟ್ಟಲೆ ಹಿಡಿಯುತ್ತಿತ್ತು. ಹಡಗಿನ ದಿಕ್ಕು, ದೇಶದ ನಕ್ಷೆ ಎಲ್ಲ ಆ ಗೀರುಗಳ ಮೇಲೆ ನಿಂತಿದ್ದವು. ನಾವು ಅದನ್ನು ಹಬ್ಬಕ್ಕೆ ಬೆಳಗುತ್ತೇವೆ. ಅಜ್ಜಿಯ ತಪ್ಪೇನೂ ಇಲ್ಲ ಬಿಡಿ, ಹೊಳೆಯದ ಹಿತ್ತಾಳೆ ಅಂದರೆ ಮನೆ ಹೆಂಗಸರ ಸೋಮಾರಿತನ ಎಂದು ನಾವೇ ಹೇಳಿಕೊಟ್ಟಿದ್ದೇವೆ.

ಗಡಿಯಾರಕ್ಕೂ ಇದೇ ಮಾತು. ಪೇಟೆಯ ಅಂಗಡಿಯವನು ಬಫ್ ಚಕ್ರಕ್ಕೆ ಹಿಡಿದುಕೊಟ್ಟರೆ ಕೇಸು ಕನ್ನಡಿಯಾಗುತ್ತದೆ. ಆದರೆ ಪಟ್ಟಿ ಸಿಕ್ಕಿಸುವ ಕೊಂಬುಗಳ ಚೂಪು ಅಂಚು ಸಾಬೂನಿನಂತೆ ನುಣುಪಾಗಿ, ಕಾರ್ಖಾನೆಯವನು ಕೊಟ್ಟ ಆಕಾರ ಹೋಗಿಬಿಡುತ್ತದೆ. ಸಂಗ್ರಾಹಕ ಮೊದಲು ನೋಡುವುದು ಆ ಅಂಚನ್ನೇ. ಗೀರುಗಳಿದ್ದರೂ ಅಂಚು ಚೂಪಾಗಿದ್ದರೆ ಅವನ ಮುಖ ಅರಳುತ್ತದೆ.

ಇದರಲ್ಲೊಂದು ತಮಾಷೆ ಇದೆ. ಕೆಲವು ಹಳೇ ಗಡಿಯಾರಗಳ ಕಪ್ಪು ಡಯಲ್ ದಶಕಗಟ್ಟಲೆ ಬಿಸಿಲು ತಿಂದು ಕಾಫಿ ಬಣ್ಣಕ್ಕೆ ತಿರುಗುತ್ತದೆ. ಬಣ್ಣದ ದೋಷ ಅದು. ಹರಾಜಿನವರು ಅದಕ್ಕೆ ‘ಟ್ರಾಪಿಕಲ್ ಡಯಲ್’ ಎಂದು ಹೆಸರಿಟ್ಟು, ಕಪ್ಪಾಗೇ ಉಳಿದ ಡಯಲ್‌ಗಿಂತ ಹೆಚ್ಚು ಬೆಲೆಗೆ ಮಾರುತ್ತಾರೆ. ನಮ್ಮಂಥ ಉಷ್ಣದೇಶದ ಬಿಸಿಲು ಮಾಡಿದ ಹಾನಿಗೆ ದುಡ್ಡು, ನಮ್ಮ ಕೈ ಮಾಡಿದ ರಿಪೇರಿಗೆ ಕಡಿತ.

ಹುಟ್ಟದ ಕಂಪನಿಯ ಸೆಕ್ಸ್‌ಟೆಂಟು

ಮರದ ಪೆಟ್ಟಿಗೆ, ಹಸಿರು ಮಖಮಲ್ಲು, ಅದರೊಳಗೆ ಹಿತ್ತಾಳೆಯ ಸೆಕ್ಸ್‌ಟೆಂಟು. ಮೇಲೆ ‘ಕೆಲ್ವಿನ್ ಅಂಡ್ ಹ್ಯೂಸ್, ಲಂಡನ್, 1917’ ಎಂಬ ಕೆತ್ತನೆ. ಮೊದಲ ಮಹಾಯುದ್ಧದ ಹಡಗಿನದು ಎಂದು ಮನಸ್ಸು ಆಗಲೇ ಸಮುದ್ರಕ್ಕೆ ಹೋಗಿರುತ್ತದೆ. ಕೆಲ್ವಿನ್ ಹೆಸರಿನ ಕಂಪನಿಯೂ ಹೆನ್ರಿ ಹ್ಯೂಸ್ ಹೆಸರಿನ ಕಂಪನಿಯೂ 1917ರಲ್ಲಿ ಬೇರೆ ಬೇರೆಯಾಗಿದ್ದವು. ಎರಡೂ ಕೂಡಿದ್ದು 1940ರ ದಶಕದಲ್ಲಿ. ಆ ಜೋಡಿ ಹೆಸರು ಬಂದದ್ದು 1947ರಲ್ಲಿ. ಹುಟ್ಟದ ಮಗುವಿಗೆ ನಾಮಕರಣವಾದ ಹಾಗೆ.

ಇಂಥವುಗಳಲ್ಲಿ ಎಷ್ಟೋ ತಯಾರಾಗುವುದು ನಮ್ಮದೇ ಉತ್ತರಾಖಂಡದ ರೂರ್ಕಿಯಲ್ಲಿ. ಅದಕ್ಕೂ ಒಂದು ಇತಿಹಾಸವಿದೆ. ಗಂಗಾ ಕಾಲುವೆಯ ಕೆಲಸಕ್ಕೆಂದು ಅಲ್ಲಿ ವರ್ಕ್‌ಶಾಪು ಬಂತು, 1847ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು, ಅಳತೆ ಸಾಧನ ಮಾಡುವ ಕೈಗಳು ಊರಿನಲ್ಲಿ ಬೆಳೆದವು. ಈಗ ಅದೇ ಊರು ಮೇಜಿನ ಮೇಲೆ ಅಲಂಕಾರಕ್ಕಿಡುವ ಸೆಕ್ಸ್‌ಟೆಂಟು, ದಿಕ್ಸೂಚಿ, ದುರ್ಬೀನುಗಳನ್ನು ಲೋಕಕ್ಕೆಲ್ಲ ಕಳಿಸುತ್ತದೆ. ಅಲಂಕಾರದ ವಸ್ತುವೆಂದೇ ಮಾರಿದರೆ ಅದು ವ್ಯಾಪಾರ. ನಾಲ್ಕು ಕೈ ದಾಟಿ, ಸ್ವಲ್ಪ ಕಿಲುಬು ಹಿಡಿಸಿಕೊಂಡು, ‘ತಾತನ ಕಾಲದ್ದು’ ಎಂದು ವಿದೇಶದ ಹರಾಜಿಗೆ ಬಂದಾಗ ಮೋಸ. ಅದನ್ನು ಇನ್ನೊಬ್ಬ ಭಾರತೀಯ ಸುಂಕ ಕಟ್ಟಿ ವಾಪಸು ತರಿಸಿಕೊಂಡರಂತೂ ಗಂಗೆ ಹಿಮಾಲಯಕ್ಕೆ ಹರಿದಂತೆ.

ಲೈಕಾದ್ದೂ ಹೀಗೇ. 1934ರಿಂದ ಖಾರ್ಕಿವ್‌ನಲ್ಲಿ, ದಿಕ್ಕಿಲ್ಲದ ಮಕ್ಕಳಿಗಾಗಿ ನಡೆಯುತ್ತಿದ್ದ ಕಮ್ಯೂನೊಂದರಲ್ಲಿ, ಫೆಡ್ ಎಂಬ ಹೆಸರಿನಲ್ಲಿ ಲೈಕಾದ ಪಡಿಯಚ್ಚು ತಯಾರಾಗುತ್ತಿತ್ತು. ಮುಂದೆ ಜೋರ್ಕಿ ಎಂಬ ಇನ್ನೊಂದು ಸೋವಿಯತ್ ಪಡಿಯಚ್ಚು ಬಂತು. ಒಳ್ಳೆಯ ಕ್ಯಾಮೆರಾಗಳೇ. ಸೋವಿಯತ್ ಕುಸಿದ ಮೇಲೆ ಯಾರೋ ಅವುಗಳ ಮೇಲಿನ ಹೆಸರು ಕೆರೆದು, ಲೈಕಾ ಎಂದು ಕೆತ್ತಿ, ಚಿನ್ನದ ನೀರು ಕುಡಿಸಿ, ಮೇಲೊಂದು ನಾಜಿ ಹದ್ದು ಕೂರಿಸಿ ಮಾರಲು ಶುರುಮಾಡಿದರು. ಪತ್ತೆ ಸುಲಭ. ಲೆನ್ಸು ತಿರುಗಿಸಿ ಬಿಚ್ಚಿ, ಕ್ಯಾಮೆರಾದ ಗಂಟಲೊಳಗೆ ಮೇಲ್ಭಾಗ ನೋಡಿ. ದೂರ ಅಳೆಯುವ ಸನ್ನೆಯ ತುದಿಯಲ್ಲಿ ಸಣ್ಣ ದುಂಡು ಗಾಲಿ ಇದ್ದರೆ ಲೈಕಾ. ನಾಲಿಗೆಯಂತೆ ಚಪ್ಪಟೆ ತುಂಡಿದ್ದರೆ ಸೋವಿಯತ್ತಿನದು. ಚಿನ್ನ ಬಳಿದವರು ಗಂಟಲಿನ ತನಕ ಹೋಗಿರುವುದಿಲ್ಲ.

ಗಾಜಿನೊಳಗೆ ಮಳೆಗಾಲ

ಮಸೂರವಿರುವ ಯಾವ ವಸ್ತುವನ್ನೂ ಫೋಟೊ ನೋಡಿ ಕೊಳ್ಳಬಾರದು. ಕೈಗೆ ಸಿಕ್ಕರೆ, ಕತ್ತಲಲ್ಲಿ ಒಂದು ಕಡೆಯಿಂದ ಟಾರ್ಚು ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಮಲೆನಾಡು, ಕರಾವಳಿಯವರಿಗೆ ಹೇಳಿಕೊಡಬೇಕಾದ್ದಿಲ್ಲ, ಜೂನಿನಲ್ಲಿ ಚಪ್ಪಲಿ ಮೇಲೆ ಬರುವುದು ಗಾಜಿನ ಮೇಲೂ ಬರುತ್ತದೆ. ಬೇಗ ಒರೆಸಿದರೆ ಹೋದೀತು. ಬಿಟ್ಟರೆ ಅದು ಉಗುಳುವ ಆಮ್ಲ ಗಾಜನ್ನೇ ತಿಂದು ಕಲೆ ಉಳಿಸುತ್ತದೆ.

ಹಳೇ ದುರ್ಬೀನಿನ ಮುಂದಿನ ಮಸೂರ ಸಾಮಾನ್ಯವಾಗಿ ಒಂದಲ್ಲ, ಎರಡು ಗಾಜು. ಬಣ್ಣದ ಅಂಚು ಕಾಣದಂತೆ ಎರಡು ಬಗೆಯ ಗಾಜನ್ನು ಜೋಡಿಸುವ ಈ ಉಪಾಯಕ್ಕೆ ಜಾನ್ ಡಾಲಂಡ್ 1758ರಲ್ಲಿ ಪೇಟೆಂಟ್ ಪಡೆದ. ಮುಂದೆ ಎರಡನ್ನೂ ಒಂದು ಬಗೆಯ ಮರದ ಅಂಟಿನಿಂದ ಅಂಟಿಸುವುದು ರೂಢಿಯಾಯಿತು. ಆ ಅಂಟು ಒಣಗಿ ಬಿಟ್ಟುಕೊಂಡರೆ ಅಂಚಿನಲ್ಲಿ ಕಾಮನಬಿಲ್ಲಿನ ಉಂಗುರ ಕಾಣುತ್ತದೆ. ಕ್ಯಾಟಲಾಗಿನಲ್ಲಿ ‘ಇದ್ದ ಸ್ಥಿತಿಯಲ್ಲಿ’ ಎಂಬ ಎರಡು ಪದ ಇದ್ದರೆ, ಬೂಷ್ಟೂ ನಿಮ್ಮದೇ, ಕಾಮನಬಿಲ್ಲೂ ನಿಮ್ಮದೇ.

ಕತ್ತಲಲ್ಲಿ ಹೊಳೆಯುವ ಹಳೇ ಗಡಿಯಾರ ಸಿಕ್ಕರೆ ನೀವೇ ಬಿಚ್ಚಲು ಹೋಗಬೇಡಿ. 1960ರ ದಶಕದವರೆಗೂ ಮುಳ್ಳು, ಅಂಕಿಗಳಿಗೆ ರೇಡಿಯಂ ಬಳಿಯುತ್ತಿದ್ದದ್ದುಂಟು. ಹೊಳಪು ಆರಿದರೂ ರೇಡಿಯಂ ಆರುವುದಿಲ್ಲ. ಅದು ಅರ್ಧಕ್ಕಿಳಿಯಲು 1,600 ವರ್ಷ ಬೇಕು. ಪುಡಿ ಮೂಗಿಗೆ ಹೋಗಬಾರದು.

ಎಲ್ಲಿ ನಿಲ್ಲಬೇಕು

ಚೀಟಿ ಕೂಗುವಾಗ ಹೆಚ್ಚು ಕಳೆದುಕೊಳ್ಳುವವನು ಹೆಚ್ಚು ಗರಜಿದ್ದವನು. ಇಲ್ಲಿ ಹೆಚ್ಚು ಕಳೆದುಕೊಳ್ಳುವವನು ವಸ್ತುವಿನ ಬೆಲೆಯನ್ನು ಎಲ್ಲರಿಗಿಂತ ಹೆಚ್ಚಾಗಿ ಅಂದಾಜಿಸಿದವನು. ಗೆಲ್ಲುವುದೂ ಅವನೇ. 1971ರಲ್ಲಿ ಅಮೆರಿಕದ ಮೂವರು ತೈಲ ಎಂಜಿನಿಯರುಗಳು ತೈಲ ನಿಕ್ಷೇಪಗಳ ಹರಾಜಿನಲ್ಲಿ ಗೆದ್ದ ಕಂಪನಿಗಳಿಗೆ ಯಾಕೆ ಲಾಭವಾಗುತ್ತಿಲ್ಲ ಎಂದು ಲೆಕ್ಕ ಹಾಕಿ ಇದನ್ನೇ ಬರೆದರು. ಗೆದ್ದವನ ಶಾಪ ಎಂದು ಅದಕ್ಕೆ ಹೆಸರು ಬಿತ್ತು.

ಆನ್‌ಲೈನಿನಲ್ಲಿ ನಿಮ್ಮ ಗರಿಷ್ಠ ಮೊತ್ತ ಬರೆದಿಟ್ಟರೆ, ಸಾಫ್ಟ್‌ವೇರು ಅದನ್ನು ಗುಟ್ಟಾಗಿಟ್ಟುಕೊಂಡು ಎದುರಾಳಿಗಿಂತ ಒಂದು ಮೆಟ್ಟಿಲು ಮೇಲಕ್ಕೆ ಮಾತ್ರ ಕೂಗುತ್ತದೆ. ಹಗಲಲ್ಲಿ, ಕಾಫಿ ಕುಡಿದು, ಪ್ರೀಮಿಯಂ ಸುಂಕ ಎಲ್ಲ ಕಳೆದು ಆ ಅಂಕಿ ಬರೆದು ಮಲಗುವವರು ನನ್ನ ಅನುಭವದಲ್ಲಿ ಕಡಿಮೆ ಪೆಟ್ಟು ತಿನ್ನುತ್ತಾರೆ. ಕೊನೆಯ ಹತ್ತು ಸೆಕೆಂಡಿಗೆ ಎದ್ದು ಕೂರುವವರದು ಬೇರೆ ಕಥೆ.

ಇನ್ನು ಕಾನೂನು. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ಭಾರತದಲ್ಲಿರುವ ನೂರು ವರ್ಷ ದಾಟಿದ ಕಲಾಕೃತಿ, ಕರಕುಶಲ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ, ಅವುಗಳ ವ್ಯಾಪಾರಕ್ಕೂ ಪರವಾನಗಿ ಬೇಕು. ಅಟ್ಟದ ದುರ್ಬೀನನ್ನು ನೇರವಾಗಿ ಲಂಡನ್ನಿಗೆ ಪಾರ್ಸೆಲ್ ಮಾಡುವ ಯೋಚನೆಯಿದ್ದರೆ ಮೊದಲು ಪುರಾತತ್ವ ಇಲಾಖೆಯಲ್ಲಿ ವಿಚಾರಿಸಿ. ಹೊರಗಿನಿಂದ ತರಿಸುವಾಗ ದಂತದ ಹಿಡಿ, ಆಮೆ ಚಿಪ್ಪು, ಮೊಸಳೆ ಚರ್ಮದ ಪಟ್ಟಿ ಇದ್ದರೆ ವನ್ಯಜೀವಿ ನಿಯಮ ಅಡ್ಡ ಬರುತ್ತದೆ. ಗಡಿಯಾರ ಮಾತ್ರ ಕಳಿಸಿ, ಪಟ್ಟಿ ಉಳಿಸಿಕೊಳ್ಳುವ ಹರಾಜು ಕಂಪನಿಗಳಿವೆ.

ಅಪ್ಪನ ಜನತಾ

ಎಚ್‌ಎಂಟಿ ಗಡಿಯಾರ ಕಾರ್ಖಾನೆ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದು 1961ರಲ್ಲಿ. ಮುಚ್ಚಲು ಕೇಂದ್ರ ಸಂಪುಟ ಒಪ್ಪಿದ್ದು 2016ರ ಜನವರಿಯಲ್ಲಿ. ಮುಚ್ಚುತ್ತದೆಂಬ ಸುದ್ದಿ ಹಬ್ಬಿದ ಮೇಲೆ, ಅದುವರೆಗೆ ಯಾರೂ ತಿರುಗಿ ನೋಡದ ಜನತಾ, ಪೈಲಟ್ ಮಾದರಿಗಳಿಗೆ ಗಿರಾಕಿ ಹುಟ್ಟಿದರು. ಗಿರಾಕಿಯ ಹಿಂದೆಯೇ ‘ಮುಂಬೈ ಸ್ಪೆಷಲ್’ ಬಂತು. ಹಳೇ ಯಂತ್ರ, ಹೊಸದಾಗಿ ಬಣ್ಣ ಬಳಿದ ಡಯಲ್, ಯಾವುದೋ ಕೇಸು. ಕಾರ್ಖಾನೆ ಕನಸಿನಲ್ಲೂ ಮಾಡದ ಕಿತ್ತಳೆ, ನೇರಳೆ ಡಯಲ್‌ಗಳು. ಮಸೂರ ಹಿಡಿದು ನೋಡಿದರೆ ನಿಮಿಷದ ಗೆರೆಗಳು ಗಂಟೆಯ ಗುರುತಿಗೆ ಸರಿಯಾಗಿ ಕೂತಿರುವುದಿಲ್ಲ, ಅಕ್ಷರದ ಅಂಚು ಒದ್ದೆ ಕಾಗದದ ಮೇಲೆ ಇಂಕು ಹರಡಿದಂತಿರುತ್ತದೆ.

ಇಷ್ಟೆಲ್ಲ ಗೊತ್ತಿಲ್ಲದ ಕಾಲದಲ್ಲಿ ಅಪ್ಪನ ಜನತಾವನ್ನು ನಾನೇ ಒಂದು ಅಂಗಡಿಗೆ ಕೊಟ್ಟಿದ್ದೆ. ನಾಲ್ಕರ ಅಂಕಿಯ ಪಕ್ಕ ಡಯಲ್ ಮೇಲೆ ಚಹಾದ ಬಣ್ಣದ ಒಂದು ಕಲೆ ಇತ್ತು. ಸರಿಮಾಡಿ ಅಂದೆ. ವಾರದ ಮೇಲೆ ಹೋದರೆ ಹಾಲಿನಂಥ ಬಿಳಿ ಡಯಲ್.

“ಹಳೇ ಡಯಲ್ ಎಲ್ಲಿ?” ಅಂದೆ.

“ಇದೇ ಸಾರ್ ಅದು. ಕೆರೆದುಬಿಟ್ಟು ಬಣ್ಣ ಹೊಡೆದಿರೋದು. ಹೊಸಾದ್ರ ಹಂಗೆ ಆಗಿಲ್ವಾ?”

ಆಗಿತ್ತು. ಕೇಸನ್ನೂ ಬಫ್ ಮಾಡಿದ್ದ, ಅದಕ್ಕೆ ದುಡ್ಡೂ ತಗೊಳ್ಳಲಿಲ್ಲ ಪಾಪ.

ಮೊನ್ನೆ ಇನ್ನೊಬ್ಬ ರಿಪೇರಿಯವರ ಹತ್ತಿರ ಹಿಂಬದಿಯ ಮುಚ್ಚಳ ತೆಗೆಸಿದೆ. ಅವರು ಮುಚ್ಚಳವನ್ನು ಬೆಳಕಿಗೆ ಓರೆಯಾಗಿ ಹಿಡಿದು, ತಮ್ಮ ಕಣ್ಣಿನ ಮಸೂರ ಬಿಚ್ಚಿ ನನ್ನ ಕೈಗೆ ಕೊಟ್ಟರು. ಒಳಮೈಯಲ್ಲಿ ಸೂಜಿಮೊನೆಯಿಂದ ಗೀಚಿದ ಸಣ್ಣ ಅಂಕಿಗಳು: 4-74, 11-81, 6-90. ಸರ್ವಿಸ್ ಮಾಡಿದವರು ನೆನಪಿಗೆ ಹಾಕಿಕೊಂಡ ತಿಂಗಳು, ವರ್ಷ ಅವು ಎಂದರು. ಮೂರು ಬೇರೆ ಬೇರೆ ಕೈಬರಹ. ಬಫ್ ಚಕ್ರ ಅಲ್ಲಿಗೆ ತಾಗಿರಲಿಲ್ಲ.